ಕಿಲೋಮೀಟರ್ ಲೆಕ್ಕ ಕಿತ್ತುಹಾಕಿದ ಮೇಷ್ಟ್ರು

ರಾಜ್ಯೋತ್ಸವದ ಟೀ-ಶರ್ಟ್ ಮಾರೋಕೆ ನಮ್ಮ ಸಂಘ ಒಂದು ಪುಟ್ಟ ಆನ್‌ಲೈನ್ ಅಂಗಡಿ ತೆರೆಯಿತು. ಡೆಲಿವರಿ ಊರೊಳಗೆ ಮಾತ್ರ. ಅಂಗಡಿ ಕಟ್ಟಿದ್ದು ಒಂದೇ ಸಂಜೆಯಲ್ಲಿ. ಡೆಲಿವರಿ ಚಾರ್ಜ್ ತೀರ್ಮಾನಕ್ಕೆ ಮೂರು ರಾತ್ರಿ ಹೋಯ್ತು. ಇಷ್ಟು ಕಿಲೋಮೀಟರಿಗೆ ಇಷ್ಟು ಅಂತ ಸ್ಲ್ಯಾಬ್ ಹಾಕಿದ್ದೇ ತಡ, ಸ್ಲ್ಯಾಬಿನ ಗಡಿಯಲ್ಲಿ ಮನೆ ಇದ್ದವರೆಲ್ಲ ಜಗಳಕ್ಕೆ ಬಂದರು. ಈ ತಲೆನೋವು ನಮಗಿಂತ ಮೊದಲು ಯಾರಿಗಿತ್ತು ಅಂತ ಹುಡುಕಿದಾಗ ಸಿಕ್ಕವರು ರೋಲೆಂಡ್ ಹಿಲ್. ಅಂಚೆಚೀಟಿ ತಂದವರು ಅಂತ ಶಾಲೆಯಲ್ಲಿ ಓದಿ ಮರೆತಿದ್ದ ಹೆಸರು.

ಹಿಲ್ ಹುಟ್ಟಿದ್ದು 1795ರಲ್ಲಿ, ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್‌ನಲ್ಲಿ. ಅಪ್ಪ ಶಾಲೆ ನಡೆಸುತ್ತಿದ್ದರು. ಹನ್ನೆರಡನೇ ವಯಸ್ಸಿಗೇ ಮಗ ಅಲ್ಲಿ ಪಾಠ ಮಾಡೋಕೆ ನಿಂತ. ಆಮೇಲೆ ಅಣ್ಣತಮ್ಮಂದಿರ ಜೊತೆ ಶಾಲೆ ಕಟ್ಟಿದ, ಮುದ್ರಣ ಯಂತ್ರವೊಂದನ್ನು ರೂಪಿಸಿದ. ಅಂಚೆ ಇಲಾಖೆಯಲ್ಲಿ ಮಾತ್ರ ಒಂದು ದಿನವೂ ಕೆಲಸ ಮಾಡಿದವನಲ್ಲ.

ಆಗಿನ ಅಂಚೆ ದರ ಪೂರ್ತಿ ದೂರದ ಮೇಲೆ ನಿಂತಿತ್ತು. ಹತ್ತಿರದ ಊರಿಗೆ 4 ಪೆನ್ನಿಯಾದರೆ ಲಂಡನ್ನಿನಿಂದ ಎಡಿನ್‌ಬರೋಗೆ 13.5 ಪೆನ್ನಿ. ಅದೂ ಒಂದು ಹಾಳೆಗೆ. ಎರಡು ಹಾಳೆಯಿದ್ದರೆ ದುಪ್ಪಟ್ಟು. ಹಾಳೆ ಎಷ್ಟಿದೆ ಅಂತ ಗುಮಾಸ್ತರು ಕಾಗದವನ್ನ ದೀಪಕ್ಕೆ ಹಿಡಿದು ನೋಡಬೇಕು. ದುಡ್ಡು ಕೊಡಬೇಕಾದವರು ಸಾಮಾನ್ಯವಾಗಿ ಕಾಗದ ಪಡೆಯುವವರು, ಅಂದರೆ ನಮ್ಮ ಕ್ಯಾಶ್ ಆನ್ ಡೆಲಿವರಿ ಥರ. ಬೇಡ ಅಂದರೆ ಕಾಗದ ವಾಪಸ್. ಪಾರ್ಲಿಮೆಂಟ್ ಸದಸ್ಯರಿಗೆ ಮಾತ್ರ ಫ್ರೀ!

ಹಿಲ್ ಮಾಡಿದ್ದು ನಾವು ಮಾಡದೇ ಬಿಟ್ಟ ಕೆಲಸ: ಖರ್ಚನ್ನ ಬಿಡಿಸಿ ನೋಡಿದರು. ಎಡಿನ್‌ಬರೋವರೆಗೆ ಒಂದು ಕಾಗದ ಸಾಗಿಸೋಕೆ ಬೀಳುವ ಖರ್ಚು ಪೆನ್ನಿಯ 36ನೇ ಒಂದು ಭಾಗ ಅಂತ ಲೆಕ್ಕ ಸಿಕ್ಕಿತು. ಒಂದೇ ಗಾಡಿಯಲ್ಲಿ ಸಾವಿರಾರು ಕಾಗದ ಹೋಗುವಾಗ ದೂರದ ಖರ್ಚು ಹಂಚಿಹೋಗಿ ಕರಗಿಬಿಡುತ್ತೆ. ಉಳಿಯೋದು ಕಾಗದ ತಗೊಳ್ಳೋದು, ದರ ಕಟ್ಟೋದು, ಮನೆ ಬಾಗಿಲಲ್ಲಿ ನಿಂತು ದುಡ್ಡು ವಸೂಲಿ ಮಾಡೋದು. ನಮ್ಮ ಭಾಷೆಯಲ್ಲಿ ಹೇಳೋದಾದರೆ y = mx + c ಅನ್ನೋದರಲ್ಲಿ m ಸೊನ್ನೆಗೆ ಹತ್ತಿರ; ಇಲಾಖೆ ಅದನ್ನೇ ಅಳೆಯೋಕೆ ಒದ್ದಾಡಿ c ಬೆಳೆಸುತ್ತಿತ್ತು. 1837ರಲ್ಲಿ ಹಿಲ್ ಇದನ್ನ ಒಂದು ಕಿರುಪುಸ್ತಕವಾಗಿ ಬರೆದರು: ದೇಶದೊಳಗೆ ಎಲ್ಲಿಗಾದರೂ ಒಂದೇ ದರ, ತೂಕದ ಮೇಲೆ, ಮುಂಚೆಯೇ ಪಾವತಿ.

ಇಲಾಖೆಯವರು ನಕ್ಕರು. ವ್ಯಾಪಾರಿಗಳು ಬೆನ್ನಿಗೆ ನಿಂತರು. 1840ರ ಜನವರಿ 10ರಿಂದ ಅರ್ಧ ಔನ್ಸಿನ ಕಾಗದಕ್ಕೆ 1 ಪೆನ್ನಿ. ಮೇ ತಿಂಗಳಲ್ಲಿ ರಾಣಿ ವಿಕ್ಟೋರಿಯಾ ಮುಖದ ಪೆನ್ನಿ ಬ್ಲ್ಯಾಕ್ ಚೀಟಿ. ವರ್ಷಕ್ಕೆ ಸುಮಾರು 7.6 ಕೋಟಿ ಇದ್ದ ಕಾಗದಗಳು ಮೊದಲ ವರ್ಷವೇ 16.9 ಕೋಟಿಗೆ ಏರಿದವು. ಆದರೂ ಹಿಲ್ ಅಂದುಕೊಂಡಷ್ಟಲ್ಲ. ಲಾಭ ಕುಸಿಯಿತು, ಹಳೆಯ ಮಟ್ಟಕ್ಕೆ ಬರೋಕೆ ದಶಕಗಳೇ ಹಿಡಿದವು. 1842ರಲ್ಲಿ ಹೊಸ ಸರ್ಕಾರ ಅವರನ್ನ ಮನೆಗೆ ಕಳಿಸಿತು. ಕೆಲವು ವರ್ಷ ಬ್ರೈಟನ್ ರೈಲು ಕಂಪನಿಯಲ್ಲಿದ್ದು, 1846ರಲ್ಲಿ ಮತ್ತೆ ಅಂಚೆಗೆ ಬಂದರು. 1854ರಲ್ಲಿ ಇಲಾಖೆಯ ಕಾರ್ಯದರ್ಶಿಯೇ ಆದರು. ಅದೇ ವರ್ಷ ನಮ್ಮ ದೇಶದಲ್ಲೂ ದೂರದ ಲೆಕ್ಕ ಹೋಗಿ ಅರ್ಧ ಆಣೆಯ ಕಾಗದ ಬಂತು. ಸಹೋದ್ಯೋಗಿಗಳ ಜೊತೆ ಹಿಲ್‌ಗೆ ಕೊನೆತನಕ ಸರಿಹೋಗಲಿಲ್ಲ, ಹಟ ಜಾಸ್ತಿ. 1864ರಲ್ಲಿ ನಿವೃತ್ತಿ, 1879ರಲ್ಲಿ ಸಾವು, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ.

ಇದನ್ನೆಲ್ಲ ಓದಿ ನಾವು ತಕ್ಷಣ ಒಂದೇ ದರ ಮಾಡಿದೆವಾ? ಇಲ್ಲ. ಹಿಲ್ ಲೆಕ್ಕ ನಿಲ್ಲೋದು ಒಂದೇ ಮೂಟೆಯಲ್ಲಿ ಸಾವಿರ ಕಾಗದ ಇದ್ದಾಗ. ನಮ್ಮ ಜೂನಿಯರ್ ಸ್ಕೂಟರಿನಲ್ಲಿ ಒಂದೇ ಒಂದು ಶರ್ಟ್ ಇಟ್ಟುಕೊಂಡು ಊರಾಚೆ ಹೋಗಿ ಬಂದರೆ ಪೆಟ್ರೋಲು ಪೂರ್ತಿ ಆ ಶರ್ಟಿನ ತಲೆಗೇ. ಅಲ್ಲಿ m ದೊಡ್ಡದು. ಅದಕ್ಕೇ ಈಗ ಆರ್ಡರ್‌ಗಳನ್ನ ಕೂಡಿಟ್ಟು ಶನಿವಾರ ಒಂದೇ ಸುತ್ತಿನಲ್ಲಿ ಹಂಚುತ್ತೇವೆ, ಎಲ್ಲರಿಗೂ 30 ರೂಪಾಯಿ. ಇವತ್ತೇ ಬೇಕು ಅನ್ನೋರಿಗೆ ಮಾತ್ರ ಕಿಲೋಮೀಟರ್ ಲೆಕ್ಕ. ಹೋದ ಶನಿವಾರ 22 ಶರ್ಟ್ ಹೋದವು. ಗಡಿ ಜಗಳದ ಫೋನ್ ಒಂದೂ ಬರಲಿಲ್ಲ.