ಸವೆದ ಅಂಕಿ ಹುಡುಕೋಣ: ಬಿ.ಎಲ್. ರೈಸ್

ಮಕ್ಕಳೇ, ಮಾಲೂರು ತಾಲ್ಲೂಕಿನ ಟೇಕಲ್ ಗೊತ್ತಲ್ಲವೇ? ದೊಡ್ಡ ದೊಡ್ಡ ಬಂಡೆಗಳ ಬೆಟ್ಟವಿರುವ ಊರು. ಅಲ್ಲಿನ ವರದರಾಜಸ್ವಾಮಿ ದೇವಾಲಯದಲ್ಲಿ ಹಳೆಯ ಶಾಸನಗಳಿವೆ. ಇಂಥ ಕಲ್ಲುಬರಹಗಳನ್ನು ಊರೂರಿನಿಂದ ಸಂಗ್ರಹಿಸಿ ಪುಸ್ತಕಕ್ಕೆ ತಂದವರು ಬೆಂಜಮಿನ್ ಲೂಯಿಸ್ ರೈಸ್.

ರೈಸ್ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಹಿಂದಿರುಗಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. 1865ರಲ್ಲಿ ಶಾಲಾ ಇನ್ಸ್‌ಪೆಕ್ಟರ್ ಆಗಿ ಹಳ್ಳಿಗಳನ್ನು ಸುತ್ತತೊಡಗಿದರು. ನಿಮ್ಮ ಶಾಲೆಗೂ ಅಧಿಕಾರಿಗಳು ಬರುತ್ತಾರಲ್ಲವೇ? ಈ ಅಧಿಕಾರಿ ಶಾಲೆಯ ಜೊತೆಗೆ ಕಲ್ಲುಗಳನ್ನೂ ನೋಡುತ್ತಿದ್ದರು!

ಮಳೆ, ಬಿಸಿಲಿಗೆ ಶಾಸನದ ಅಕ್ಷರಗಳು ಸವೆಯುತ್ತವೆ. ಕಲ್ಲು ಒಡೆದರೆ ಸಾಲಿಗೆ ಸಾಲೇ ಹೋಯಿತು. ಆ ಊರಿಗೆ ಕೆರೆ ಕಟ್ಟಿಸಿದವರು ಯಾರು, ಹೊಲ ಕೊಟ್ಟವರು ಯಾರು ಎಂದು ಹೇಳಲು ಮತ್ತೊಂದು ಸಾಕ್ಷಿ ಇಲ್ಲದಿರಬಹುದು. ಆದ್ದರಿಂದ ರೈಸ್ ಮತ್ತು ಅವರ ಪಂಡಿತರು ಅಳಿಯುವ ಮುನ್ನವೇ ಪ್ರತಿ ಮಾಡಿಕೊಳ್ಳಬೇಕಿತ್ತು.

ಸವೆದ ಭಾಗವನ್ನು ಓದುವುದು ಹೇಗೆ? ಶಾಸನಗಳಿಗೆ ಒಂದು ಮಾದರಿ ಇರುತ್ತದೆ. ಮೊದಲು ಸ್ವಸ್ತಿ ಶ್ರೀ, ಆಮೇಲೆ ಶಕವರ್ಷ, ಸಂವತ್ಸರ, ರಾಜನ ಹೆಸರು, ದಾನದ ವಿವರ. ಎಲ್ಲ ಶಾಸನಗಳೂ ಹೀಗೆಯೇ ಇರುವುದಿಲ್ಲ, ಆದರೆ ಬಹಳಷ್ಟು ಇರುತ್ತವೆ.

ಒಂದು ಕಲ್ಲಿನಲ್ಲಿ ಶಕವರ್ಷದ ಮೂರನೆಯ ಅಂಕಿ ಸವೆದಿದೆ ಎಂದುಕೊಳ್ಳಿ. ಅಲ್ಲಿ ಚುಕ್ಕಿ ಇಟ್ಟು 13.3 ಎಂದು ಬರೆಯೋಣ. ಅದು 1303 ಇರಬಹುದು, 1313 ಇರಬಹುದು, ಹೀಗೆ 1393ರವರೆಗೆ ಹತ್ತು ಉತ್ತರಗಳು. ಪಕ್ಕದಲ್ಲಿ ವಿರೋಧಿಕೃತ್ ಸಂವತ್ಸರ ಎಂದಿದೆ. ಸಂವತ್ಸರದ ಹೆಸರು ಮತ್ತೆ ಬರುವುದು 60 ವರ್ಷಕ್ಕೊಮ್ಮೆ. ವಿರೋಧಿಕೃತ್ ಬಂದದ್ದು 1293, 1353, 1413ರಲ್ಲಿ. ಮಾದರಿಗೆ ಹೊಂದುವುದು 1353 ಒಂದೇ! ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 1431.

ಇಂದು ಗಣಕಯಂತ್ರದಲ್ಲಿ ಪಠ್ಯ ಹುಡುಕುವಾಗಲೂ ಇಂಥ ಚುಕ್ಕಿ ಬಳಸುತ್ತಾರೆ. ಈ ವಿಧಾನಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಹೆಸರು. ಅದರಲ್ಲಿ ಚುಕ್ಕಿ ಎಂದರೆ ಯಾವುದಾದರೂ ಒಂದು ಅಕ್ಷರ ಅಥವಾ ಅಂಕಿ. ಅಂಕಿ ಮಾತ್ರ ಸಾಕು ಎನ್ನುವುದಾದರೆ ಚುಕ್ಕಿಯ ಬದಲು [0-9] ಎಂದು ಬರೆಯಬೇಕು. ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ ಇದಕ್ಕೆ 1950ರ ದಶಕದಲ್ಲಿ ತಳಹದಿ ಹಾಕಿದರು. ರೈಸರಿಗಂತೂ ಕಣ್ಣು, ನೆನಪು, ಪಂಚಾಂಗವೇ ಗಣಕಯಂತ್ರ.

ಅವರ ಎಪಿಗ್ರಾಫಿಯಾ ಕರ್ನಾಟಿಕಾ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ಕೋಲಾರ ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಮರುವರ್ಷ ನಿವೃತ್ತರಾದ ರೈಸ್ 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಈಗ ನಿಮ್ಮ ಸರದಿ. ಶಕವರ್ಷ 14.9, ಪ್ರಭವ ಸಂವತ್ಸರ. ಶಕ 1909 ಪ್ರಭವ. ಅಲ್ಲಿಂದ 60, 60 ಕಳೆಯುತ್ತ ಬನ್ನಿ. ಎಚ್ಚರಿಕೆ, ಎರಡು ಉತ್ತರ ಸಿಗುತ್ತವೆ! ಯಾವುದು ಸರಿ ಎಂದು ತಿಳಿಯಲು ಕಲ್ಲಿನಲ್ಲಿ ಇನ್ನೇನನ್ನು ಹುಡುಕುವಿರಿ?