ಚಲನೆಯನ್ನು ಸೆರೆಹಿಡಿದ ಮೈಬ್ರಿಜ್

ಮೈಸೂರಿನಿಂದ ನಂಜನಗೂಡಿನತ್ತ ಹೊರಟರೆ ದಾರಿಯಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣ ಸಿಗುತ್ತದೆ. ಅಲ್ಲಿ ಪ್ರಯಾಣಿಕನೊಬ್ಬನು ಬಗ್ಗಿ ತನ್ನ ಚೀಲವನ್ನೆತ್ತಿ ಹೆಗಲಿಗೇರಿಸಿದನೆನ್ನಿ. ಎದುರಿಗೆ ನಿಂತವನಿಗೂ ಪಕ್ಕದಲ್ಲಿ ನಿಂತವನಿಗೂ ಅದು ಒಂದೇ ಕೆಲಸವೆಂದು ತಿಳಿಯುತ್ತದೆ. ಸಣ್ಣ ಮಗುವಿಗೂ ಸಂಶಯ ಹುಟ್ಟದು. ಕ್ಯಾಮೆರಾದ ಮೂಲಕ ನೋಡುವ ಗಣಕಯಂತ್ರಕ್ಕೆ ಇದು ಅಷ್ಟು ಸುಲಭವಲ್ಲ. ಅದಕ್ಕೆ ದೊರೆಯುವುದು ಬೆಳಕು ನೆರಳಿನ ಚುಕ್ಕೆಗಳ ರಾಶಿ ಮಾತ್ರ. ಪಕ್ಕದಿಂದ ನೀಳವಾಗಿ ಕಂಡ ತೋಳು ಎದುರಿನಿಂದ ಗಿಡ್ಡವಾಗಿ ಕಾಣುತ್ತದೆ; ಹಿಂದಿನಿಂದ ನೋಡಿದರೆ ಮೈಯ ಮರೆಗೆ ಸರಿದು ಕಾಣದೆಯೇ ಹೋಗುತ್ತದೆ. ಹೀಗೆ ಬೇರೆ ಬೇರೆಯಾಗಿ ತೋರುವ ನೋಟಗಳೆಲ್ಲವೂ ಒಂದೇ ಕ್ರಿಯೆಯವು ಎಂದು ಯಂತ್ರಕ್ಕೆ ಕಲಿಸುವುದು ಇಂದಿನ ವಿಜ್ಞಾನಿಗಳು ಕೈಗೊಂಡಿರುವ ಕಠಿಣ ಕಾರ್ಯಗಳಲ್ಲೊಂದು. ಮನುಷ್ಯನ ಒಂದೊಂದು ಚಲನೆಯನ್ನೂ ಹಲವು ದಿಕ್ಕುಗಳಿಂದ ಏಕಕಾಲದಲ್ಲಿ ಹಿಡಿದಿಡಲು ನೂರಾಮೂವತ್ತು ವರ್ಷಗಳಿಗೂ ಹಿಂದೆಯೇ ಶ್ರಮಿಸಿದ ಛಾಯಾಗ್ರಾಹಕನೊಬ್ಬನಿದ್ದನು. ಅವನೇ ಎಡ್ವರ್ಡ್ ಮೈಬ್ರಿಜ್.

ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ದಡದ ಕಿಂಗ್‌ಸ್ಟನ್ ಎಂಬ ಊರಿನಲ್ಲಿ 1830ರ ಏಪ್ರಿಲ್ 9ರಂದು ಅವನು ಜನಿಸಿದನು. ಮನೆಯವರಿಟ್ಟ ಹೆಸರು ಎಡ್ವರ್ಡ್ ಜೇಮ್ಸ್ ಮಗರಿಜ್. ಆ ಹೆಸರನ್ನು ಅವನು ಒಂದಲ್ಲ, ಹಲವು ಬಾರಿ ತಿದ್ದಿಕೊಂಡನು. ಹರೆಯದಲ್ಲಿಯೇ ಅಮೆರಿಕಕ್ಕೆ ಹೋಗಿ, ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಪುಸ್ತಕದ ವ್ಯಾಪಾರಿಯಾದನು. 1860ರಲ್ಲಿ ಅವನು ಪ್ರಯಾಣ ಮಾಡುತ್ತಿದ್ದ ಕುದುರೆಯ ಬಂಡಿಯು ಟೆಕ್ಸಾಸ್ ಪ್ರಾಂತದಲ್ಲಿ ಅಪಘಾತಕ್ಕೀಡಾಯಿತು. ತಲೆಗೆ ಭಾರಿ ಪೆಟ್ಟು ಬಿದ್ದಿತು. ಕೆಲಕಾಲ ಅವನಿಗೆ ಎದುರಿನ ವಸ್ತುವೊಂದು ಎರಡಾಗಿ ಕಾಣುತ್ತಿತ್ತು; ರುಚಿಯೂ ವಾಸನೆಯೂ ತಿಳಿಯುತ್ತಿರಲಿಲ್ಲ. ಚಿಕಿತ್ಸೆಗಾಗಿ ತಾಯ್ನಾಡಿಗೆ ಮರಳಿದವನು, 1867ರಲ್ಲಿ ಮತ್ತೆ ಸ್ಯಾನ್‌ಫ್ರಾನ್ಸಿಸ್ಕೋಗೆ ಬಂದಾಗ ಪುಸ್ತಕ ವ್ಯಾಪಾರಿಯಾಗಿ ಉಳಿದಿರಲಿಲ್ಲ, ಛಾಯಾಗ್ರಾಹಕನಾಗಿದ್ದನು. ಯೊಸೆಮಿಟಿ ಕಣಿವೆಯ ಬಂಡೆ ಜಲಪಾತಗಳ ಚಿತ್ರಗಳು ಅವನಿಗೆ ಹೆಸರು ತಂದವು.

1872ರಲ್ಲಿ ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಅವನನ್ನು ಕರೆಸಿದನು. ರೈಲ್ವೆಯಿಂದ ಸಿರಿವಂತನಾಗಿದ್ದ ಆತನಿಗೆ ಕುದುರೆಗಳೆಂದರೆ ಪ್ರಾಣ. ಓಡುವ ಕುದುರೆಯ ನಾಲ್ಕೂ ಗೊರಸುಗಳು ಒಮ್ಮೆಯಾದರೂ ನೆಲವನ್ನು ಬಿಟ್ಟಿರುತ್ತವೆಯೇ ಎಂಬುದು ಆತನ ಪ್ರಶ್ನೆ. ಸಾವಿರಾರು ವರ್ಷಗಳಿಂದ ಕುದುರೆಯನ್ನು ಸಾಕಿ ಸವಾರಿ ಮಾಡಿದ ಮಾನವನಿಗೆ ಈ ಸರಳ ಪ್ರಶ್ನೆಗೆ ಖಚಿತವಾದ ಉತ್ತರ ತಿಳಿದಿರಲಿಲ್ಲವೆಂಬುದು ಸೋಜಿಗವೇ ಸರಿ. ಕಣ್ಣಿನ ವೇಗ ಅಷ್ಟೇ.

ಪ್ರಯೋಗ ಮುಂದುವರಿಯುವ ಮೊದಲೇ ಮೈಬ್ರಿಜ್‌ನ ಬಾಳಿಗೆ ಕಪ್ಪು ಮಸಿ ಬಳಿಯಿತು. 1874ರಲ್ಲಿ ಅವನು ಸಂಸಾರದ ವಿಷಯದಲ್ಲಿ ಕೆರಳಿ ಹ್ಯಾರಿ ಲಾರ್ಕಿನ್ಸ್ ಎಂಬವನನ್ನು ಗುಂಡಿಟ್ಟು ಕೊಂದನು. ಮರುವರ್ಷ ಜ್ಯೂರಿಯವರು ಅವನನ್ನು ಬಿಡುಗಡೆ ಮಾಡಿದರು. ಅವನ ಸಾಧನೆಯನ್ನು ಹೊಗಳುವ ಭರದಲ್ಲಿ ಇದನ್ನು ಮುಚ್ಚಿಡುವುದು ಪ್ರಾಣ ಕಳೆದುಕೊಂಡವನಿಗೆ ಬಗೆಯುವ ಅನ್ಯಾಯವಾದೀತು.

1878ರ ಜೂನ್ ತಿಂಗಳಲ್ಲಿ ಪಾಲೊ ಆಲ್ಟೊದಲ್ಲಿದ್ದ ಸ್ಟ್ಯಾನ್‌ಫರ್ಡನ ಕುದುರೆ ಲಾಯದ ಬಳಿ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿದನು. ಓಟದ ಹಾದಿಗೆ ಅಡ್ಡಲಾಗಿ ದಾರಗಳನ್ನು ಬಿಗಿದನು. ಕುದುರೆ ಧಾವಿಸಿ ಬಂದು ಒಂದೊಂದೇ ದಾರವನ್ನು ಹರಿದಂತೆ, ವಿದ್ಯುತ್ತಿನ ಬಲದಿಂದ ಒಂದೊಂದೇ ಕ್ಯಾಮೆರಾದ ಬಾಗಿಲು ಕ್ಷಣಾರ್ಧದಲ್ಲಿ ತೆರೆದು ಮುಚ್ಚಿತು. ಗಾಜಿನ ಫಲಕಕ್ಕೆ ರಾಸಾಯನಿಕವನ್ನು ಸವರಿ, ಅದು ಆರುವ ಮೊದಲೇ ಚಿತ್ರ ತೆಗೆದು ಮುಗಿಸಬೇಕಾಗಿದ್ದ ಕಾಲವದು! ಚಿತ್ರಗಳು ಸ್ಪಷ್ಟವಾಗಿ ನುಡಿದವು: ನಾಗಾಲೋಟದಲ್ಲಿ ನಾಲ್ಕೂ ಗೊರಸುಗಳು ನೆಲವನ್ನು ಬಿಡುತ್ತವೆ, ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲುಗಳು ಹಿಂದಕ್ಕೂ ಮುಂದಕ್ಕೂ ಚಾಚಿದಾಗಲ್ಲ, ಹೊಟ್ಟೆಯಡಿ ಮಡಿಚಿ ಒಂದುಗೂಡಿದಾಗ.

ಕೀರ್ತಿ ಬಂದಂತೆಯೇ ಕಳೆಯಿತು. 1882ರಲ್ಲಿ ಸ್ಟ್ಯಾನ್‌ಫರ್ಡನು ತನ್ನ ವೈದ್ಯಮಿತ್ರನಿಂದ ಕುದುರೆಯ ಓಟವನ್ನು ಕುರಿತ ಗ್ರಂಥವನ್ನು ಬರೆಸಿ ಹೊರತಂದನು. ಅದರ ಮುಖಪುಟದಲ್ಲಿ ಮೈಬ್ರಿಜ್‌ನ ಹೆಸರೇ ಇರಲಿಲ್ಲ. ಆಗ ಅವನು ಲಂಡನ್ನಿನಲ್ಲಿ ಉಪನ್ಯಾಸಗಳಿಂದ ಮನ್ನಣೆ ಗಳಿಸುತ್ತಿದ್ದನು. ಗ್ರಂಥವನ್ನು ಕಂಡ ರಾಯಲ್ ಸೊಸೈಟಿಯವರು, ಅವನ ಸಂಶೋಧನೆ ಅವನದಲ್ಲವೇನೋ ಎಂದು ಶಂಕಿಸಿ, ಪ್ರಕಟಿಸಬೇಕಾಗಿದ್ದ ಅವನ ಲೇಖನವನ್ನು ಕೈಬಿಟ್ಟರು. ಅವನು ನ್ಯಾಯಾಲಯದ ಮೆಟ್ಟಿಲೇರಿದನು, ಸೋತನು.

ಐವತ್ತು ದಾಟಿದ ಆ ವಯಸ್ಸಿನಲ್ಲಿ ಅವನು ಮತ್ತೆ ಮೊದಲಿನಿಂದ ಆರಂಭಿಸಿದುದೇ ಅವನ ಜೀವನದ ಹಿರಿಮೆ. 1884ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು ಅವನಿಗೆ ಆಶ್ರಯವಿತ್ತಿತು. ಈ ಸಲ ಅವನು ಒಂದೇ ಸಾಲಿನ ಕ್ಯಾಮೆರಾಗಳಿಂದ ತೃಪ್ತನಾಗಲಿಲ್ಲ. ಪಕ್ಕದಲ್ಲಿ 24 ಮಸೂರಗಳು; ಮುಂದೆಯೂ ಹಿಂದೆಯೂ 12ರಂತೆ ಮತ್ತೆರಡು ಗುಂಪುಗಳು. ವಿದ್ಯುತ್ ಮೂರನ್ನೂ ಒಟ್ಟಿಗೆ ನಡೆಸುತ್ತಿತ್ತು. ಅಳತೆಗೆ ಅನುಕೂಲವಾಗಲೆಂದು ಕಪ್ಪು ಗೋಡೆಯ ಮೇಲೆ ಬಿಳಿಯ ದಾರಗಳ ಚೌಕಗಳನ್ನು ಕಟ್ಟಿದ್ದನು. ಅವುಗಳ ಮುಂದೆ ಗಂಡಸರು, ಹೆಂಗಸರು, ಮಕ್ಕಳು ನಡೆದರು, ಓಡಿದರು, ನೀರು ಹೊತ್ತರು, ಮೆಟ್ಟಿಲೇರಿದರು. ಕಮ್ಮಾರರು ಸುತ್ತಿಗೆ ಬೀಸಿದರು. ಸರಿಯಾಗಿ ನಡೆಯಲಾಗದ ರೋಗಿಗಳ ನಡಿಗೆಯನ್ನೂ ವೈದ್ಯರ ಅಧ್ಯಯನಕ್ಕಾಗಿ ಚಿತ್ರಿಸಲಾಯಿತು. 1887ರಲ್ಲಿ ಪ್ರಕಟವಾದ ಪ್ರಾಣಿಗಳ ಚಲನೆಯ ಆ ಮಹಾಸಂಪುಟದಲ್ಲಿ 781 ಫಲಕಗಳಿವೆ. ಅವುಗಳಲ್ಲಿ ಹೆಚ್ಚಿನವು ಮನುಷ್ಯರವು.

ಇಂದು ಗಣಕಯಂತ್ರಕ್ಕೆ ಪಾಠ ಹೇಳುವವರೂ ಇದೇ ಹಾದಿಯನ್ನು ಹಿಡಿದಿದ್ದಾರೆ. 2016ರಲ್ಲಿ ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 40 ಜನರಿಂದ 60 ಬಗೆಯ ಕ್ರಿಯೆಗಳನ್ನು ಮಾಡಿಸಿ, ಮೂರು ಕೋನಗಳಲ್ಲಿರಿಸಿದ ಕ್ಯಾಮೆರಾಗಳಿಂದ ಏಕಕಾಲದಲ್ಲಿ ಚಿತ್ರಿಸಿದ 56,000ಕ್ಕೂ ಹೆಚ್ಚು ತುಣುಕುಗಳನ್ನು ಲೋಕದ ಮುಂದಿಟ್ಟರು. ಎರಡು ಕ್ಯಾಮೆರಾಗಳ ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಕಲಿಸುವುದು. ಅದು ಎಂದೂ ಕಾಣದ ಮೂರನೆಯ ಕ್ಯಾಮೆರಾದ ನೋಟವನ್ನು ಕೊಟ್ಟು ಪರೀಕ್ಷಿಸುವುದು. ಕೈಕಾಲುಗಳ ಕೀಲುಗಳು ಎಲ್ಲಿವೆಯೆಂದು ಗುರುತಿಸಲು ಕಲಿತ ಯಂತ್ರವು ದಿಕ್ಕು ಬದಲಾದರೂ ಅಷ್ಟಾಗಿ ಮೋಸಹೋಗುವುದಿಲ್ಲ. ಮೈಬ್ರಿಜ್ ಚಿತ್ರಗಳನ್ನು ಕೂಡಿಸಿಟ್ಟನು. ಅವುಗಳನ್ನು ಹೊಂದಿಸಿ ಅರಿಯುವ ಹೊಣೆಯನ್ನು ನೋಡುಗನ ಬುದ್ಧಿಗೆ ಬಿಟ್ಟಿದ್ದನು.

ಕೊನೆಯ ವರ್ಷಗಳಲ್ಲಿ ಅವನು ಹುಟ್ಟೂರಾದ ಕಿಂಗ್‌ಸ್ಟನ್ನಿಗೆ ಹಿಂದಿರುಗಿದನು. ಮನೆಯ ಹಿತ್ತಿಲಿನಲ್ಲಿ ಅಮೆರಿಕದ ಮಹಾಸರೋವರಗಳ ಆಕಾರವನ್ನು ಅಗೆದು ಮಾಡುತ್ತಿದ್ದನೆಂದು ಹೇಳುತ್ತಾರೆ. 1904ರ ಮೇ 8ರಂದು ಅವನು ತೀರಿಕೊಂಡನು. ವೋಕಿಂಗ್‌ನಲ್ಲಿ ಅವನ ನೆನಪಿಗಾಗಿ ಇರಿಸಿದ ಕಲ್ಲಿನ ಮೇಲೆ, ಜೀವನದುದ್ದಕ್ಕೂ ಅವನು ತಿದ್ದಿ ತಿದ್ದಿ ನಿಲ್ಲಿಸಿಕೊಂಡಿದ್ದ ಹೆಸರನ್ನು ಕೆತ್ತಿದವರು ಮೈಬ್ರಿಜ್ ಎಂಬುದನ್ನು ಮೇಬ್ರಿಜ್ ಎಂದು ತಪ್ಪಾಗಿ ಕೆತ್ತಿದರು.