ಕಿಟಸಾಟೊ ಶಿಬಾಸಾಬುರೊ

ಕಿಟಸಾಟೊ ಶಿಬಾಸಾಬುರೊ (29 ಜನವರಿ 1853 – 13 ಜೂನ್ 1931) ಜಪಾನಿನ ವೈದ್ಯರು ಹಾಗೂ ಸೂಕ್ಷ್ಮಜೀವಿ ವಿಜ್ಞಾನಿ. ಧನುರ್ವಾಯುವಿಗೆ ಕಾರಣವಾದ ಕ್ಲಾಸ್ಟ್ರಿಡಿಯಮ್ ಟೆಟಾನಿ ಎಂಬ ಬ್ಯಾಕ್ಟೀರಿಯಾವನ್ನು 1889ರಲ್ಲಿ ಮೊದಲ ಬಾರಿಗೆ ಇತರ ಜೀವಿಗಳಿಂದ ಬೇರ್ಪಡಿಸಿ ಬೆಳೆಸಿದ ಕೀರ್ತಿ ಇವರದು.

ಆರಂಭಿಕ ಜೀವನ

ಇವರು ಕ್ಯೂಶೂ ದ್ವೀಪದ ಕುಮಾಮೊಟೊ ಪ್ರಾಂತದ ಒಗುನಿಯಲ್ಲಿ ಜನಿಸಿದರು. ಟೋಕಿಯೊದಲ್ಲಿ ವೈದ್ಯಶಿಕ್ಷಣ ಪಡೆದು 1883ರಲ್ಲಿ ಪದವೀಧರರಾದರು. ಬಳಿಕ ಬರ್ಲಿನ್ನಿಗೆ ತೆರಳಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯವನ್ನು ಸೇರಿದರು.

ಧನುರ್ವಾಯು ಸಂಶೋಧನೆ

ಕ್ಲಾಸ್ಟ್ರಿಡಿಯಮ್ ಕುಲದ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದ ಸ್ಥಳದಲ್ಲಿ ಬೆಳೆಯುವಂಥವು. ಈ ಕುಲದ ಹಲವು ಪ್ರಭೇದಗಳು ಮನುಷ್ಯನ ಕರುಳಿನಲ್ಲಿ ಹಾನಿ ಮಾಡದೆ ವಾಸಿಸುತ್ತವೆ. ಟೆಟಾನಿ ಪ್ರಭೇದವು ಮಣ್ಣಿನಲ್ಲಿ ಬೀಜಾಣುಗಳ ರೂಪದಲ್ಲಿದ್ದು, ಗಾಳಿಯಾಡದ ಆಳವಾದ ಗಾಯದಲ್ಲಿ ಬೆಳೆದು ವಿಷವನ್ನು ಉತ್ಪಾದಿಸುತ್ತದೆ. ಗಾಯದಲ್ಲಿ ಇದರೊಡನೆ ಬೇರೆ ಬ್ಯಾಕ್ಟೀರಿಯಾಗಳೂ ಬೆರೆತಿರುತ್ತಿದ್ದುದರಿಂದ ಇದನ್ನು ಬೇರ್ಪಡಿಸಲು ಆವರೆಗೆ ಸಾಧ್ಯವಾಗಿರಲಿಲ್ಲ. ಕಿಟಸಾಟೊ ಮಿಶ್ರಣವನ್ನು 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರು. ಶಾಖಕ್ಕೆ ಇತರ ಬ್ಯಾಕ್ಟೀರಿಯಾಗಳು ಸತ್ತು, ಟೆಟಾನಿಯ ಬೀಜಾಣುಗಳು ಉಳಿದವು. ಅವುಗಳನ್ನು ಹೈಡ್ರೋಜನ್ ಅನಿಲದಲ್ಲಿ ಬೆಳೆಸಿದರು.

1890ರಲ್ಲಿ ಎಮಿಲ್ ಫಾನ್ ಬೇರಿಂಗ್ ಅವರೊಂದಿಗೆ, ಧನುರ್ವಾಯುವಿಗೆ ನಿರೋಧ ಪಡೆದ ಪ್ರಾಣಿಯ ರಕ್ತಸಾರವು ಮತ್ತೊಂದು ಪ್ರಾಣಿಯನ್ನೂ ರಕ್ಷಿಸಬಲ್ಲದೆಂದು ತೋರಿಸಿದರು. ಪ್ರತಿವಿಷ ಚಿಕಿತ್ಸೆಗೆ ಇದೇ ತಳಹದಿ. ಆದರೆ ರಕ್ತಸಾರ ಚಿಕಿತ್ಸೆಗಾಗಿ 1901ರ ನೊಬೆಲ್ ಪ್ರಶಸ್ತಿಯು ಬೇರಿಂಗ್ ಅವರೊಬ್ಬರಿಗೇ ಸಂದಿತು.

ನಂತರದ ಜೀವನ

1892ರಲ್ಲಿ ಸ್ವದೇಶಕ್ಕೆ ಮರಳಿದ ಕಿಟಸಾಟೊ, ಫುಕುಜಾವಾ ಯುಕಿಚಿ ಅವರ ನೆರವಿನಿಂದ ಸಾಂಕ್ರಾಮಿಕ ರೋಗಗಳ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗ್ ರೋಗಾಣುವಿನ ಶೋಧದಲ್ಲಿ ತೊಡಗಿದ್ದರು. ಅದೇ ಸಮಯದಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಕೂಡ ಅಲ್ಲಿ ಸ್ವತಂತ್ರವಾಗಿ ಅದನ್ನು ಗುರುತಿಸಿದರು. 1914ರಲ್ಲಿ ಸರ್ಕಾರವು ತಮ್ಮ ಸಂಸ್ಥೆಯನ್ನು ಶಿಕ್ಷಣ ಸಚಿವಾಲಯದ ಅಧೀನಕ್ಕೆ ವರ್ಗಾಯಿಸಿದಾಗ ರಾಜೀನಾಮೆಯಿತ್ತು, ಸ್ವಂತ ಹಣದಿಂದ ಕಿಟಸಾಟೊ ಸಂಸ್ಥೆಯನ್ನು ಸ್ಥಾಪಿಸಿದರು. 1917ರಲ್ಲಿ ಕೆಯೊ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದ ಮೊದಲ ಮುಖ್ಯಸ್ಥರಾದರು. 1931ರಲ್ಲಿ ಟೋಕಿಯೊದಲ್ಲಿ ನಿಧನರಾದರು.

ಪರಂಪರೆ

ಕಿಟಸಾಟೊ ಬೆಳೆಸಿದ ಬ್ಯಾಕ್ಟೀರಿಯಾದ ವಿಷವನ್ನು ನಿರ್ವಿಷಗೊಳಿಸಿ 1920ರ ದಶಕದಲ್ಲಿ ಲಸಿಕೆಯನ್ನು ರೂಪಿಸಲಾಯಿತು. ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ನೀಡುವ ಧನುರ್ವಾಯು ಚುಚ್ಚುಮದ್ದು ಇದೇ ಪರಂಪರೆಯದು. ಹೊಕ್ಕುಳಬಳ್ಳಿಯ ಗಾಯದಿಂದ ನವಜಾತ ಶಿಶುಗಳಿಗೆ ತಗಲುವ ಮಾರಕ ಧನುರ್ವಾಯುವನ್ನು ಇದು ತಡೆಯುತ್ತದೆ. ಪ್ರತಿ ಜಿಲ್ಲೆಯಲ್ಲಿಯೂ ಸಾವಿರ ಜೀವಂತ ಜನನಗಳಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬ ಮಾನದಂಡವನ್ನು ಭಾರತವು 2015ರಲ್ಲಿ ತಲುಪಿತು. 2024ರಲ್ಲಿ ಜಪಾನು ಹೊರತಂದ 1,000 ಯೆನ್ ನೋಟಿನಲ್ಲಿ ಕಿಟಸಾಟೊ ಅವರ ಭಾವಚಿತ್ರವಿದೆ.